ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಬರುತ್ತಿಲ್ಲವೇ? ಅಂಗಡಿಗೆ ತರುವ ಮುಂಚೆ ಓದಿ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡಿಕೊಂಡಿರುವವನು ನಾನು. ಮೊನ್ನೆ ಪಾವಗಡದಿಂದ ಒಬ್ಬರು ಬೆಳಗಿನ ಬಸ್ಸು ಹತ್ತಿ ಬಂದರು. ಸುಮಾರು 100 ಕಿ.ಮೀ. ದಾರಿ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಟೇಬಲ್ ಮೇಲಿಟ್ಟು, "ಒಂದು ವಾರದಿಂದ ಸೌಂಡೇ ಇಲ್ಲ ಸಾರ್, ಬೋರ್ಡು ಹೋಗಿರಬೇಕು ಅಂದರು" ಎಂದರು. ನಾನು ಒಂದು ಕೀ ಒತ್ತಿದೆ. ಸೌಂಡ್ ಬಂತು. ಅವರ ಮುಖ ನೋಡಿ ನನಗೇ ಬೇಜಾರಾಯಿತು. ಬಸ್ ಚಾರ್ಜೂ ದಂಡ, ಒಂದು ದಿನದ ಕೆಲಸವೂ ದಂಡ. ಅದಕ್ಕೇ ಕೂತು ಇದನ್ನು ಬರೆದೆ. ಹೆಚ್ಚಿನದು ವಿಂಡೋಸ್ 11ಕ್ಕೆ ಬರೆದದ್ದು. ವಿಂಡೋಸ್ 10ರಲ್ಲಿ ಹೆಸರುಗಳು ಸ್ವಲ್ಪ ಆಚೀಚೆ ಇರುತ್ತವೆ, ಅಷ್ಟೇ.

ನಾನು ಏನೂ ಮಾಡಿಲ್ಲ, ಇದ್ದಕ್ಕಿದ್ದಂತೆ ಸೌಂಡ್ ನಿಂತಿತು. ಮೊದಲು ಏನು ನೋಡಲಿ?

ಕೀಬೋರ್ಡಿನ ಮೇಲಿನ ಸಾಲು ನೋಡಿ. ಎಫ್1, ಎಫ್2 ಎಂದು ಇರುವ ಕೀಗಳಲ್ಲಿ ಒಂದರ ಮೇಲೆ ಸ್ಪೀಕರ್ ಚಿತ್ರ, ಅದಕ್ಕೆ ಅಡ್ಡಗೆರೆ ಅಥವಾ ಕಾಟು ಹಾಕಿರುತ್ತದೆ. ಅದು ಮ್ಯೂಟ್ ಕೀ. ಬಟ್ಟೆಯಲ್ಲಿ ಕೀಬೋರ್ಡ್ ಒರೆಸುವಾಗ, ಮಗು ಆಡುವಾಗ ಅದು ಒತ್ತಿಹೋಗಿರುತ್ತದೆ. ಸುಮ್ನೆ ಒತ್ತಿದರೆ ಕೆಲಸ ಮಾಡದಿದ್ದರೆ ಎಫ್‌ಎನ್ ಕೀ ಹಿಡಿದುಕೊಂಡು ಒತ್ತಿ. ನಿನ್ನೆಯವರೆಗೆ ಸುಮ್ನೆ ಒತ್ತಿದರೆ ಆಗುತ್ತಿತ್ತು, ಇವತ್ತು ಎಫ್‌ಎನ್ ಬೇಕು ಅನ್ನುತ್ತಿದೆಯಾ? ಹಾಗಾದರೆ ಎಫ್‌ಎನ್ ಲಾಕ್ ಬದಲಾಗಿದೆ. ಡೆಲ್, ಲೆನೊವೊಗಳ ಬಹಳಷ್ಟು ಮಾಡೆಲ್‌ಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಮೊದಲಿನಂತೆ ಆಗುತ್ತದೆ.

ಪಾವಗಡದವರದ್ದು ಇದೇ ಆಗಿತ್ತು.

ಮ್ಯೂಟ್ ಇಲ್ಲ, ವಾಲ್ಯೂಮ್ 100ರಲ್ಲಿದೆ. ಆದರೂ ಸದ್ದಿಲ್ಲ!

ನನ್ನ ಹತ್ತಿರ ಬರುವ ಕೇಸುಗಳಲ್ಲಿ ಜಾಸ್ತಿ ಇದೇ. ಸೌಂಡ್ ಹೋಗಿರುವುದಿಲ್ಲ, ಬೇರೆ ಕಡೆಗೆ ಹೋಗುತ್ತಿರುತ್ತದೆ.

ಗುಬ್ಬಿಯಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ಬಂದಿದ್ದರು. ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಮನೆಯಲ್ಲಿ ಮೊಮ್ಮಗನ ನಾಮಕರಣದ ವಿಡಿಯೊವನ್ನು ಟಿವಿಗೆ ಹಾಕಿ ಎಲ್ಲರಿಗೂ ತೋರಿಸಿದ್ದಾರೆ. ಮಾರನೇ ದಿನ ಟಿವಿ ಆಫ್, ವಯರ್ ಮಾತ್ರ ಹಾಗೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸೌಂಡ್ ಇಲ್ಲ. ಮಗ ವಯರ್ ಸಮೇತ ಸುತ್ತಿ ಕಳಿಸಿದ್ದ. ಅಂಗಡಿಯಲ್ಲಿ ಆನ್ ಮಾಡಿದರೆ ಸೌಂಡ್ ಜೋರಾಗಿ ಬಂತು, ಯಾಕೆಂದರೆ ಇಲ್ಲಿ ಟಿವಿಗೆ ಸಿಕ್ಕಿಸಿರಲಿಲ್ಲವಲ್ಲ. "ನಿಮ್ಮ ಕೈಗುಣ ಚೆನ್ನಾಗಿದೆ ಕಣಪ್ಪ" ಅಂದರು. "ಕೈಗುಣ ಅಲ್ಲ ಮೇಷ್ಟ್ರೇ, ವಯರಿನ ಗುಣ" ಅಂದೆ.

ಟಿವಿಗೆ, ಮಾನಿಟರಿಗೆ ಹಾಕುವ ಎಚ್‌ಡಿಎಂಐ ವಯರ್ ಸಿಕ್ಕಿಸಿದರೆ ಚಿತ್ರದ ಜೊತೆ ಸೌಂಡೂ ಅದರಲ್ಲೇ ಹೋಗಬಹುದು. ಸ್ಪೀಕರ್ ಇಲ್ಲದ ಮಾನಿಟರ್ ಆದರೂ ಅಷ್ಟೇ, ವಿಂಡೋಸ್ ಪಾಪ ಅದಕ್ಕೇ ಕಳಿಸುತ್ತಿರುತ್ತದೆ. ಹೀಗೆ ನೋಡಿ: ಸ್ಕ್ರೀನಿನ ಬಲಗಡೆ ಕೆಳಗೆ ಸ್ಪೀಕರ್ ಗುರುತು ಒತ್ತಿ. ವಾಲ್ಯೂಮ್ ಗೆರೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಗುರುತು ಇರುತ್ತದೆ. ಅದನ್ನು ಒತ್ತಿದರೆ ಸೌಂಡ್ ಎಲ್ಲೆಲ್ಲಿಗೆ ಹೋಗಬಹುದು ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಸ್ಪೀಕರ್ಸ್ ಎಂದಿರುವುದನ್ನು ಆರಿಸಿ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ವಿಂಡೋಸ್, ಕಂಟ್ರೋಲ್, ವಿ ಮೂರೂ ಕೀ ಒಟ್ಟಿಗೆ ಒತ್ತಿದರೆ ಪಟ್ಟಿ ನೇರವಾಗಿ ತೆರೆಯುತ್ತದೆ.

ಪಟ್ಟಿಯಲ್ಲಿ ಸ್ಪೀಕರ್ಸ್ ಹೆಸರೇ ಇಲ್ಲವೇ? ಆಗ ಡ್ರೈವರ್ ಕಡೆ ಅನುಮಾನ. ಕೆಳಗೆ ಹೇಳಿದ್ದೇನೆ.

ಹಾಡು ಬರುತ್ತದೆ, ಯೂಟ್ಯೂಬ್ ಮಾತ್ರ ಮೂಕ. ಯಾಕೆ?

ಒಂದು ಕಡೆ ಬಂದರೆ ಸ್ಪೀಕರೂ ಸರಿ, ಡ್ರೈವರೂ ಸರಿ. ನೆಮ್ಮದಿಯಾಗಿರಿ. ಬ್ರೌಸರಿನ ಮೇಲೆ ಆ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಅನ್‌ಮ್ಯೂಟ್ ಸೈಟ್’ ಎಂದಿದ್ದರೆ ಒತ್ತಿ. ಅಲ್ಲಿಯೂ ಸರಿಯಿದ್ದರೆ ಕೆಳಗಿನ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ವಾಲ್ಯೂಮ್ ಮಿಕ್ಸರ್’ ತೆರೆಯಿರಿ. ಒಂದೊಂದು ಆ್ಯಪಿಗೂ ಬೇರೆ ಬೇರೆ ಗೆರೆ ಇರುತ್ತದೆ. ಕ್ರೋಮ್‌ನ ಗೆರೆ ಸೊನ್ನೆಗೆ ಇಳಿದಿರಬಹುದು, ಅಥವಾ ಅದೊಂದಕ್ಕೇ ಬೇರೆ ಸ್ಪೀಕರ್ ಆಯ್ಕೆಯಾಗಿರಬಹುದು. ತಲೆಬುಡ ಗೊತ್ತಾಗದಿದ್ದರೆ ಅದೇ ಪುಟದಲ್ಲಿ ಕೆಳಗೆ ‘ರೀಸೆಟ್’ ಇದೆ. ಒತ್ತಿ, ಏನೂ ಹಾಳಾಗುವುದಿಲ್ಲ.

ಆನ್‌ಲೈನ್ ಕ್ಲಾಸಿನಲ್ಲಿ ಮೇಡಂ ಮಾತು ಕೇಳಿಸುವುದಿಲ್ಲ, ಉಳಿದದ್ದೆಲ್ಲ ಕೇಳಿಸುತ್ತದೆ.

ಮೀಟ್, ಜೂಮ್‌ಗಳಿಗೆ ಅವುಗಳದ್ದೇ ಸ್ಪೀಕರ್ ಆಯ್ಕೆ ಇರುತ್ತದೆ. ಒಳಗಿನ ಸೆಟ್ಟಿಂಗ್ಸ್‌ಗೆ ಹೋಗಿ ಆಡಿಯೊದಲ್ಲಿ ಸ್ಪೀಕರ್ ಬದಲಿಸಿ ಟೆಸ್ಟ್ ಒತ್ತಿ. ಇದರ ಉಲ್ಟಾ ಕೇಸೂ ಇದೆ. ಕಾಲ್ ಶುರುವಾದ ಕೂಡಲೇ ಹಾಡಿನ ಸೌಂಡ್ ಪಾತಾಳಕ್ಕೆ ಇಳಿಯುತ್ತದೆ. ಕಾಲ್ ಬಂದರೆ ಉಳಿದ ಸೌಂಡನ್ನು 80% ಇಳಿಸು ಎಂದು ವಿಂಡೋಸಿನಲ್ಲಿ ಮೊದಲೇ ಬರೆದಿಟ್ಟಿದ್ದಾರೆ. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ‘ಸೌಂಡ್’ ಒಳಗೆ ‘ಕಮ್ಯುನಿಕೇಶನ್ಸ್’ ಎಂಬಲ್ಲಿ ‘ಡೂ ನಥಿಂಗ್’ ಆರಿಸಿದರೆ ಆ ಕಾಟ ತಪ್ಪುತ್ತದೆ.

ಇಯರ್‌ಫೋನ್ ಹಾಕಿದರೆ ಬರುತ್ತದೆ, ತೆಗೆದರೆ ಸ್ಪೀಕರಿನಲ್ಲಿ ಬರುವುದಿಲ್ಲ. ಸ್ಪೀಕರ್ ಸುಟ್ಟಿದೆಯಾ?

ಸುಟ್ಟಿರಬಹುದು. ಆದರೆ ನನ್ನ ಮೊದಲ ಅನುಮಾನ ಇಯರ್‌ಫೋನ್ ಸಿಕ್ಕಿಸುವ ತೂತಿನ ಮೇಲೆ. 3.5 ಮಿ.ಮೀ. ಅಗಲದ ಆ ತೂತಿನೊಳಗೆ ತೆಳ್ಳನೆಯ ಲೋಹದ ನಾಲಗೆಗಳಿವೆ. ಪಿನ್ನು ಒಳಗೆ ಹೋದಾಗ ನಾಲಗೆ ಸರಿಯುತ್ತದೆ. ‘ಇಯರ್‌ಫೋನ್ ಬಂತು, ಸ್ಪೀಕರ್ ನಿಲ್ಲಿಸು’ ಎಂದು ಸೌಂಡ್ ಚಿಪ್ಪಿಗೆ ಗೊತ್ತಾಗುವುದು ಅದರಿಂದಲೇ. ಪಿನ್ನು ತೆಗೆದ ಮೇಲೂ ನಾಲಗೆ ಬಾಗಿಯೇ ಉಳಿದರೆ, ಅಥವಾ ನಡುವೆ ದೂಳು ಕೂತರೆ, ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಇಯರ್‌ಫೋನ್ ಇನ್ನೂ ಒಳಗೇ ಇದೆ.

ಇದನ್ನು ಹಿಡಿಯುವುದು ಸುಲಭ. ಏನೂ ಸಿಕ್ಕಿಸದೇ ಇದ್ದಾಗಲೂ ಔಟ್‌ಪುಟ್ ಪಟ್ಟಿಯಲ್ಲಿ ‘ಹೆಡ್‌ಫೋನ್ಸ್’ ಎಂದು ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಲ್ಯಾಪ್‌ಟಾಪ್ ಆಫ್ ಮಾಡಿ. ಇಯರ್‌ಫೋನ್ ಪಿನ್ನನ್ನು ಹತ್ತು ಹದಿನೈದು ಸಲ ಮೆತ್ತಗೆ ಹಾಕಿ ತೆಗೆಯಿರಿ, ಸ್ವಲ್ಪ ತಿರುಗಿಸಿ. ಅರ್ಧಕ್ಕರ್ಧ ಸಲ ಇಷ್ಟಕ್ಕೇ ನಾಲಗೆ ಜಾಗಕ್ಕೆ ಬರುತ್ತದೆ ಅನ್ನುವುದು ನನ್ನ ಅಂದಾಜು. ಬಾಯಿಂದ ಊದಬೇಡಿ, ಎಂಜಲಿನ ಪಸೆ ಒಳಗೆ ಹೋಗುತ್ತದೆ. ಗುಂಡುಸೂಜಿ, ಸೇಫ್ಟಿಪಿನ್ನು, ಹೇರ್‌ಪಿನ್ ಯಾವುದೂ ಬೇಡ. ಅಶೋಕ ರಸ್ತೆ ಕಡೆಯಿಂದ ಬಂದ ಒಬ್ಬ ಹುಡುಗ ಸೇಫ್ಟಿಪಿನ್ನಿನಲ್ಲಿ ಕೆದಕಿ, ಬಾಗಿದ ನಾಲಗೆಯನ್ನು ಮುರಿದುಕೊಂಡೇ ಬಂದಿದ್ದ. ಆಮೇಲೆ ಜ್ಯಾಕನ್ನೇ ಬದಲಿಸಬೇಕಾಯಿತು.

ಪಿನ್ನಿನ ತುದಿ ಮುರಿದು ಒಳಗೇ ಉಳಿದಿದೆ. ನಾನೇ ತೆಗೆಯಬಹುದಾ?

ಬೇಡ. ಕಡ್ಡಿಯ ತುದಿಗೆ ಗಮ್ ಹಚ್ಚಿ ಎಳೆಯುವ ವಿದ್ಯೆ ವಿಡಿಯೊಗಳಲ್ಲಿ ಬಹಳ ಓಡಾಡುತ್ತಿದೆ. ಶುರುವಿನಲ್ಲಿ ನಾನೂ ಮಾಡಿದ್ದೆ, ನನ್ನ ಸ್ವಂತ ಲ್ಯಾಪ್‌ಟಾಪಿಗೆ. ಗಮ್ಮು ಪಿನ್ನಿಗೆ ಹಿಡಿಯುವ ಬದಲು ಜ್ಯಾಕಿನ ಗೋಡೆಗೆ ಹಿಡಿಯಿತು. ಕಡ್ಡಿಯೂ ಒಳಗೆ, ಪಿನ್ನೂ ಒಳಗೆ! ಹಿಂದಿನ ಮುಚ್ಚಳ ಬಿಚ್ಚಿದರೆ ಕೆಲವು ಮಾಡೆಲ್‌ಗಳಲ್ಲಿ ಹಿಂದುಗಡೆಯಿಂದ ತಳ್ಳಿ ತೆಗೆಯಬಹುದು. ಅದನ್ನು ಗೊತ್ತಿರುವವರ ಕೈಗೆ ಬಿಡಿ.

ಹೆಡ್‌ಸೆಟ್‌ನಲ್ಲಿ ಕೇಳಿಸುತ್ತದೆ, ಆದರೆ ನನ್ನ ಮಾತು ಆ ಕಡೆ ಹೋಗುವುದಿಲ್ಲ.

ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಮೂರಿದ್ದರೆ ಮೈಕ್ ಇದೆ, ಎರಡೇ ಇದ್ದರೆ ಇಲ್ಲ. ಎರಡು ಪಿನ್ನಿನ ಹಳೆಯ ಹೆಡ್‌ಸೆಟ್ ಆದರೆ, ಒಂದೇ ತೂತಿನ ಲ್ಯಾಪ್‌ಟಾಪಿಗೆ ಎರಡನ್ನೂ ಕೂಡಿಸುವ ಪುಟ್ಟ ವಯರ್ ಬೇಕು.

ಬ್ಲೂಟೂತ್ ಇಯರ್‌ಬಡ್ಸ್ ತೊಂದರೆ ಕೊಡುತ್ತವೆಯಾ?

ಕೊಡುತ್ತವೆ, ಅದೂ ಸದ್ದಿಲ್ಲದೆ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರ ಕಿವಿಯಲ್ಲಿ ಈಗ ಅವೇ ಅಲ್ವಾ. ಮನೆಗೆ ಬಂದು ಬ್ಯಾಗ್ ಮೂಲೆಗೆ ಹಾಕುತ್ತಾರೆ, ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿರುವುದಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಬಡ್ಸ್ ತಾವಾಗಿ ಸೇರಿಕೊಳ್ಳುತ್ತವೆ. ಸಿನಿಮಾ ಲ್ಯಾಪ್‌ಟಾಪಿನಲ್ಲಿ, ಹಾಡು ಬ್ಯಾಗಿನೊಳಗೆ. ಬ್ಲೂಟೂತ್ ಆಫ್ ಮಾಡಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.

ಬಡ್ಸ್‌ನಲ್ಲಿ ಹಾಡು ಚೆನ್ನಾಗಿದ್ದು, ಮೀಟಿಂಗ್ ಶುರುವಾದೊಡನೆ ಹಳೇ ಟೆಲಿಫೋನಿನ ಹಾಗೆ ಕೇಳಿಸಿದರೆ ಅದು ಕೆಟ್ಟಿದೆ ಎಂದಲ್ಲ. ಮೈಕ್ ಕೆಲಸ ಶುರು ಮಾಡಿದಾಗ ಬ್ಲೂಟೂತ್ ಫೋನ್ ಕಾಲಿನ ರೀತಿಗೆ ಬದಲಾಗುತ್ತದೆ, ಗುಣಮಟ್ಟ ಇಳಿಯುತ್ತದೆ. ಮೀಟಿಂಗಿಗೆ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿದರೆ ಬಡ್ಸ್‌ನಲ್ಲಿ ಮತ್ತೆ ಚೆನ್ನಾಗಿ ಕೇಳಿಸುತ್ತದೆ.

ಅಪ್‌ಡೇಟ್ ಆದ ಮೇಲೆ ಸೌಂಡ್ ಹೋಯಿತು. ಈಗೇನು?

ಡ್ರೈವರ್ ಎಂದರೆ ವಿಂಡೋಸ್ ಮತ್ತು ಸೌಂಡ್ ಚಿಪ್ಪಿನ ನಡುವೆ ಮಾತಾಡಿಸುವ ಸಾಫ್ಟ್‌ವೇರ್. ಅಪ್‌ಡೇಟಿನಲ್ಲಿ ಕೆಲವೊಮ್ಮೆ ಅದು ಬದಲಾಗಿ, ನಿಮ್ಮ ಚಿಪ್ಪಿಗೆ ಹೊಂದುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಸೌಂಡ್, ವಿಡಿಯೊ ಆ್ಯಂಡ್ ಗೇಮ್ ಕಂಟ್ರೋಲರ್ಸ್’ ಎಂಬುದನ್ನು ಬಿಚ್ಚಿದರೆ ಸಾಮಾನ್ಯವಾಗಿ ರಿಯಲ್‌ಟೆಕ್ ಎಂಬ ಸೌಂಡ್ ಚಿಪ್ ಕಂಪನಿಯ ಹೆಸರು ಕಾಣಿಸುತ್ತದೆ. ಅದರ ಮೇಲೆ ಹಳದಿ ಗುರುತು ಇದ್ದರೆ ಡ್ರೈವರ್ ಎಡವಿದೆ. ಕೆಳಮುಖದ ಪುಟ್ಟ ಬಾಣ ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ. ರೈಟ್ ಕ್ಲಿಕ್ ಮಾಡಿ ಎನೇಬಲ್ ಒತ್ತಿದರೆ ಸಾಕು.

ಹಳದಿ ಗುರುತಿಗೆ ನಾನು ಮಾಡುವುದು ಹೀಗೆ. ಮೊದಲು ಅದರ ‘ಪ್ರಾಪರ್ಟೀಸ್’ ಒಳಗೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳುತ್ತೇನೆ. ಆ ಬಟನ್ ಮಸುಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು ರಿಸ್ಟಾರ್ಟ್ ಮಾಡುತ್ತೇನೆ. ವಿಂಡೋಸ್ ಮತ್ತೆ ಎದ್ದಾಗ ತಾನೇ ಡ್ರೈವರ್ ಹಾಕಿಕೊಳ್ಳುತ್ತದೆ. ಆದರೂ ಬರದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ನಿಮ್ಮ ಮಾಡೆಲ್ ನಂಬರ್ ಹಾಕಿ ಆಡಿಯೊ ಡ್ರೈವರ್ ಇಳಿಸಿಕೊಳ್ಳಿ. ‘ನಿಮ್ಮ ಎಲ್ಲ ಡ್ರೈವರ್ ಸರಿಮಾಡುತ್ತೇವೆ’ ಎಂದು ಕಣ್ಣು ಕುಕ್ಕುವ ಜಾಹೀರಾತು ಕೊಡುವ ಸಾಫ್ಟ್‌ವೇರ್‌ಗಳ ಹತ್ತಿರವೂ ಹೋಗಬೇಡಿ. ಒಂದು ತೊಂದರೆ ತಂದವರು ಅವನ್ನು ಹಾಕಿಕೊಂಡ ಮೇಲೆ ನಾಲ್ಕು ತೊಂದರೆ ತಂದಿದ್ದಾರೆ.

ಡ್ರೈವರ್ ಸರಿಯಿದ್ದೂ ಸೌಂಡ್ ಇಲ್ಲದಿದ್ದರೆ ಸರ್ಚ್‌ನಲ್ಲಿ ‘ಸರ್ವೀಸಸ್’ ಎಂದು ಹುಡುಕಿ ತೆರೆಯಿರಿ. ‘ವಿಂಡೋಸ್ ಆಡಿಯೊ’, ‘ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್’ ಎಂಬ ಎರಡು ಹೆಸರು ಸಿಗುತ್ತವೆ. ಎರಡೂ ‘ರನ್ನಿಂಗ್’ ಇರಬೇಕು. ಇಲ್ಲದಿದ್ದರೆ ರೈಟ್ ಕ್ಲಿಕ್, ಸ್ಟಾರ್ಟ್.

ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನೆ. ಮತ್ತೆ ರಿಸ್ಟಾರ್ಟ್ ಮಾಡಿ ಅನ್ನುತ್ತೀರಲ್ಲ?

ಎರಡೂ ಒಂದೇ ಅಲ್ಲ. ಬೇಗ ಆನ್ ಆಗಲಿ ಎಂದು ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಇದೆ. ಅದು ಇರುವಾಗ ಶಟ್‌ಡೌನ್ ಮಾಡಿದರೆ ಒಳಗಿನ ಒಂದಷ್ಟು ಸ್ಥಿತಿಯನ್ನು ಹಾಗೇ ಬರೆದಿಟ್ಟುಕೊಂಡು ಮಲಗುತ್ತದೆ. ಬೆಳಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ, ನಿನ್ನೆಯ ಗೋಜಲಿನ ಸಮೇತ. ರಿಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಅದಕ್ಕೂ ಬಗ್ಗದಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡಿದು ಬಿಡಿ. ಬಿಚ್ಚುವ ಬ್ಯಾಟರಿ ಆದರೆ ಅದನ್ನೂ ಮೊದಲೇ ತೆಗೆಯಿರಿ.

ವಿಂಡೋಸ್ 10 ನಿಂತುಹೋಯಿತಂತೆ. ಅದಕ್ಕೇ ಸೌಂಡ್ ಹೋಗಿದೆಯಾ?

ಇಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು ನಿಜ. ನಿಂತದ್ದು ಮಾಮೂಲಿ ಉಚಿತ ಅಪ್‌ಡೇಟ್‌ಗಳು, ಸ್ಪೀಕರ್ ಅಲ್ಲ. ‘10 ಬಂದ್ ಆಗಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ, ಸೌಂಡ್ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ನಕ್ಕು ಎದ್ದು ಬನ್ನಿ.

ಕೆಟ್ಟಿರುವುದು ಸಾಫ್ಟ್‌ವೇರೋ ಹಾರ್ಡ್‌ವೇರೋ, ನನಗೆ ಹೇಗೆ ಗೊತ್ತಾಗಬೇಕು?

ದುಡ್ಡು ಉಳಿಸುವ ಪ್ರಶ್ನೆ ಇದು. ವಿಂಡೋಸನ್ನು ಪಕ್ಕಕ್ಕಿಟ್ಟು ಸ್ಪೀಕರನ್ನು ಮಾತಾಡಿಸಬೇಕು. ಎರಡು ದಾರಿ ಇದೆ.

ಒಂದು, ಕಂಪನಿಯವರೇ ಕೊಟ್ಟಿರುವ ಪರೀಕ್ಷೆ. ಡೆಲ್ ಆದರೆ ಆನ್ ಮಾಡುತ್ತಲೇ ಎಫ್12 ಒತ್ತುತ್ತಾ ಇದ್ದು, ಬರುವ ಪಟ್ಟಿಯಲ್ಲಿ ‘ಡಯಾಗ್ನೋಸ್ಟಿಕ್ಸ್’ ಆರಿಸಿ. ಎಚ್‌ಪಿ ಆದರೆ ಎಸ್ಕೇಪ್ ಒತ್ತುತ್ತಾ ಇದ್ದು ಆಮೇಲೆ ಎಫ್2. ವಿಂಡೋಸ್ ಇನ್ನೂ ಶುರುವಾಗಿರುವುದೇ ಇಲ್ಲ. ಆಗ ಸ್ಪೀಕರಿನಿಂದ ಟೂಂ ಎಂದು ಸದ್ದು ಬಂದರೆ ಸ್ಪೀಕರ್ ಬದುಕಿದೆ.

ಇನ್ನೊಂದು, ನನಗೆ ಹೆಚ್ಚು ನಂಬಿಕೆಯ ದಾರಿ. ಒಂದು ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸಿನ ಬದಲು ಬಳಸಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿ, ಅದರಿಂದ ಲ್ಯಾಪ್‌ಟಾಪ್ ಆನ್ ಮಾಡಿ ‘ಟ್ರೈ ಉಬುಂಟು’ ಒತ್ತಿ. ಇನ್‌ಸ್ಟಾಲ್ ಮಾಡುವುದು ಬೇಡ, ನಿಮ್ಮ ಫೈಲುಗಳು ಇದ್ದ ಹಾಗೇ ಇರುತ್ತವೆ. ಅಲ್ಲಿ ಒಂದು ಹಾಡು ಹಾಕಿ. ಸೌಂಡ್ ಬಂದರೆ ತಕರಾರು ವಿಂಡೋಸಿನದ್ದು. ಬರದಿದ್ದರೆ ಬೋರ್ಡು, ವಯರ್ ಅಥವಾ ಸ್ಪೀಕರ್ ಮೇಲೆ ಅನುಮಾನ ಬಲವಾಗುತ್ತದೆ. ತೀರಾ ಹೊಸ ಮಾಡೆಲ್‌ಗಳಿಗೆ ಮಾತ್ರ ಉಬುಂಟುವಿನಲ್ಲೇ ಡ್ರೈವರ್ ಇಲ್ಲದಿರಬಹುದು. ಅದೊಂದು ನೆನಪಿರಲಿ. ನಿಮ್ಮ ಊರಿನ ಎಂಜಿನಿಯರಿಂಗ್ ಓದುವ ಯಾವುದಾದರೂ ಹುಡುಗಿ ಹುಡುಗರನ್ನು ಕೇಳಿ, ಅಂಥ ಪೆನ್‌ಡ್ರೈವ್ ಒಬ್ಬರ ಹತ್ತಿರವಾದರೂ ಇರುತ್ತದೆ.

ಫಾರ್ಮ್ಯಾಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ.

ತಲೆನೋವಿಗೆ ತಲೆ ಬೋಳಿಸಿದ ಹಾಗೆ. ಮೇಲಿನ ಪರೀಕ್ಷೆ ಮಾಡದೆ ಫಾರ್ಮ್ಯಾಟ್ ಮಾಡಿಸಬೇಡಿ. ಅಂಗಡಿ ಹಾಕುವ ಮುಂಚೆ ನನ್ನದೇ ಲ್ಯಾಪ್‌ಟಾಪನ್ನು ಒಂದು ಕಡೆ ಕೊಟ್ಟಿದ್ದೆ. ಕೇಳದೇ ಫಾರ್ಮ್ಯಾಟ್ ಮಾಡಿದರು. ಅಕ್ಕನ ಮದುವೆಯ ಫೋಟೊಗಳು ಹೋದವು, ಸೌಂಡ್ ಮಾತ್ರ ಬರಲಿಲ್ಲ. ಸ್ಪೀಕರಿನ ವಯರ್ ಸಡಿಲವಾಗಿತ್ತಷ್ಟೇ ಎಂದು ಆಮೇಲೆ ಗೊತ್ತಾಯಿತು. ಆ ಸಿಟ್ಟು ನನಗೆ ಇನ್ನೂ ಇದೆ.

ಮಾಡಿಸಲೇಬೇಕು ಎಂದಾದರೆ ಟ್ಯಾಲಿ ಲೆಕ್ಕ, ಫೋಟೊ, ಡೆಸ್ಕ್‌ಟಾಪ್ ಮೇಲಿನ ಫೈಲು ಎಲ್ಲವನ್ನೂ ಬೇರೆ ಡಿಸ್ಕಿಗೆ ತೆಗೆದಿಡಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುವವರು ಅದನ್ನು ಮತ್ತೆ ಹಾಕಿಕೊಡಬೇಕು ಎಂದು ಮೊದಲೇ ಹೇಳಿ. ಹಳೆಯ ಕನ್ನಡ ಫೈಲು ತೆರೆದರೆ ಬರೀ ಚಿತ್ರವಿಚಿತ್ರ ಗುರುತು ಎಂದು ಮಾರನೇ ದಿನ ಓಡಿ ಬರುವವರು ಬಹಳ.

ಸೌಂಡ್ ಇದೆ, ಆದರೆ ಕರಕರ ಅನ್ನುತ್ತದೆ. ತುಂಬಾ ಸಣ್ಣಗೂ ಇದೆ.

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಲೆಕ್ಕದ ಲ್ಯಾಪ್‌ಟಾಪ್ ಬಂದಿತ್ತು. ತಿರುಗಿಸಿ ನೋಡಿದರೆ ಸ್ಪೀಕರಿನ ಜಾಲರಿ ಕಂದುಬಣ್ಣಕ್ಕೆ ತಿರುಗಿತ್ತು. ತೂತು ತೂತಿನಲ್ಲೂ ತೆಂಗಿನ ನಾರಿನ ಪುಡಿ, ಮೇಲೆ ಎಣ್ಣೆಯ ಜಿಡ್ಡು. ಒಣಗಿದ ಮೆತ್ತನೆಯ ಟೂತ್‌ಬ್ರಷ್‌ನಲ್ಲಿ ಲ್ಯಾಪ್‌ಟಾಪನ್ನು ತಲೆಕೆಳಗು ಮಾಡಿಕೊಂಡು ಹತ್ತು ನಿಮಿಷ ಉಜ್ಜಿದೆ. ನಶ್ಯದ ಹಾಗೆ ಪುಡಿ ಉದುರಿತು. ಸೌಂಡ್ ತೆರೆದುಕೊಂಡಿತು. ಇದನ್ನು ನೀವೇ ಮಾಡಬಹುದು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ನೋಡುವವರು ಮೊದಲು ಅದನ್ನು ಟೇಬಲ್ ಮೇಲಿಡಿ, ಯಾಕೆಂದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಸ್ಪೀಕರಿನ ಬಾಯಿ ಕೆಳಗಡೆಗೇ ಇರುತ್ತದೆ.

ಸಣ್ಣ ಸೌಂಡಿನಲ್ಲಿ ಚೆನ್ನಾಗಿದ್ದು ಜೋರು ಮಾಡಿದಾಗ ಮಾತ್ರ ಕರಕರ ಅಂದರೆ ಸ್ಪೀಕರಿನ ಪರದೆ ಹರಿದಿರಬಹುದು. ಇವು ಸಾಮಾನ್ಯವಾಗಿ ಒಂದೊಂದು 2 ವ್ಯಾಟಿನ ಪುಟಾಣಿಗಳು. ನಮ್ಮ ಗುಬ್ಬಿ ಕಂಪನಿಯ ನಟರ ಗಂಟಲನ್ನು ಅವುಗಳಿಂದ ನಿರೀಕ್ಷಿಸಬೇಡಿ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ವಾಲ್ಯೂಮನ್ನು 100 ದಾಟಿಸಿ ದಿನಾ ಹಾಕುವವರೇ ಬೇಗ ಸ್ಪೀಕರ್ ಬದಲಿಸಲು ಬರುತ್ತಾರೆ. ಎಲ್ಲ ಸೌಂಡಿನಲ್ಲೂ ವಿಚಿತ್ರ ಗುಂಯ್‌ಗುಡಿಕೆ ಇದ್ದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡಿ ನೋಡಿ.

ಒಂದೇ ಕಡೆ ಬರುತ್ತದೆ.

ಬ್ಯಾಲೆನ್ಸ್ ಒಂದು ಕಡೆಗೆ ವಾಲಿದೆಯಾ ನೋಡಿ. ಇಲ್ಲದಿದ್ದರೆ ಆ ಕಡೆಯ ಸ್ಪೀಕರೋ ವಯರೋ ಹೋಗಿದೆ. ಒಂದು ಕಿವಿ ಮಾತ್ರ ಕೇಳಿಸುವವರಿಗೆ ‘ಮೋನೊ ಆಡಿಯೊ’ ಎಂಬ ಒಳ್ಳೆಯ ಸೌಲಭ್ಯ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿದೆ. ಎರಡೂ ಕಡೆಯ ಸೌಂಡ್ ಒಂದರಲ್ಲೇ ಸೇರಿ ಬರುತ್ತದೆ.

ಕಾಫಿ ಚೆಲ್ಲಿದ ಮೇಲೆ ಸೌಂಡ್ ಹೋಯಿತು.

ತಕ್ಷಣ ಆಫ್ ಮಾಡಿ, ಚಾರ್ಜರ್ ಕೀಳಿ, ಮತ್ತೆ ಆನ್ ಮಾಡಬೇಡಿ. ಅಕ್ಕಿ ಡಬ್ಬಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ಬೇಡ. ನೀರಾದರೂ ಆರಬಹುದು, ಕಾಫಿಯ ಸಕ್ಕರೆ ಆರುವುದಿಲ್ಲ, ಅಂಟಿ ಕೂತು ಬೋರ್ಡನ್ನು ತಿನ್ನುತ್ತದೆ. ಅವತ್ತೇ ಬಿಚ್ಚಿಸಿ ತೊಳೆಸಬೇಕು.

ನನಗೆ ಕಣ್ಣು ಕಾಣಿಸುವುದಿಲ್ಲ. ಸ್ಕ್ರೀನ್ ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರಿನ ಮಾತು ನಿಂತರೆ ನಾನು ಏನೂ ಮಾಡಲಾಗುವುದಿಲ್ಲ.

ಈ ಪ್ರಶ್ನೆ ಕೇಳಿದವರು ಶಿರಾದ ಒಬ್ಬ ತಂಗಿ. ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ಎನ್‌ವಿಡಿಎ ಕೀ ಜೊತೆ ಎಸ್ ಒತ್ತಿಹೋದರೆ ಮಾತಿನ ಬಗೆ ಬದಲಾಗಿ ಮೌನವಾಗುತ್ತದೆ, ಹಾಗಾಗಿ ಮೊದಲು ಅದನ್ನೇ ಒಂದೆರಡು ಸಲ ಒತ್ತಿ ನೋಡಿ. ಆಗದಿದ್ದರೆ ಯುಎಸ್‌ಬಿ ಪಿನ್ನಿನ ಹೆಡ್‌ಸೆಟ್ ಸಿಕ್ಕಿಸಿ. ಅದರೊಳಗೇ ಸೌಂಡ್ ಚಿಪ್ ಇರುತ್ತದೆ, ವಿಂಡೋಸ್ ಸಾಮಾನ್ಯವಾಗಿ ಹೊಸದಾಗಿ ಸಿಕ್ಕಿಸಿದ್ದಕ್ಕೆ ತಾನೇ ಸೌಂಡ್ ಕಳಿಸುತ್ತದೆ. ಅಂಥದ್ದೊಂದು ಬ್ಯಾಗಿನಲ್ಲಿ ಯಾವಾಗಲೂ ಇರಲಿ ಎಂದು ಆಕೆಗೆ ಹೇಳಿದೆ.

ಮ್ಯಾಕ್‌ಬುಕ್‌ಗೂ ಇದೇ ಲೆಕ್ಕವಾ?

ಹೆಚ್ಚುಕಡಿಮೆ ಇದೇ, ಔಟ್‌ಪುಟ್ ಎಲ್ಲಿಗೆ ಎಂದು ಮೊದಲು ನೋಡಿ. ಹಳೆಯ ಮ್ಯಾಕ್‌ಬುಕ್ ಪ್ರೊ ಆದರೆ ಇಯರ್‌ಫೋನ್ ತೂತಿನಲ್ಲಿ ಕೆಂಪು ಬೆಳಕು ಕಾಣುತ್ತಿದೆಯಾ ನೋಡಿ. ಕಂಡರೆ ಜ್ಯಾಕಿನೊಳಗಿನ ನಾಲಗೆ ಸಿಕ್ಕಿಕೊಂಡಿದೆ. ಮೇಲೆ ಹೇಳಿದ ಪಿನ್ನಿನ ಉಪಾಯವೇ ಅದಕ್ಕೂ.

ಎಲ್ಲ ಮಾಡಿ ನೋಡಿದೆ. ಬೋರ್ಡು ಹೋಗಿದೆ, ಬದಲಿಸಬೇಕು ಎನ್ನುತ್ತಿದ್ದಾರೆ.

ವಾರಂಟಿ ಇದೆಯಾ ಮೊದಲು ನೋಡಿ. ಇದ್ದರೆ ನನ್ನ ಹತ್ತಿರವೂ ತರಬೇಡಿ, ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ವಾರಂಟಿ ಮುಗಿದಿದ್ದರೆ ಬೋರ್ಡು ಬದಲಿಸಲು ಒಪ್ಪುವ ಮುಂಚೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಕೊಂಡುಕೊಳ್ಳಿ. ಹೆಬ್ಬೆರಳಿನಷ್ಟು ಉದ್ದ, ಕೆಲವು ನೂರು ರೂಪಾಯಿ. ಸಾಮಾನ್ಯವಾಗಿ ಡ್ರೈವರ್ ಹಾಕುವ ಗೋಜಿಲ್ಲ. ಒಂದು ತೂತು ಸ್ಪೀಕರಿಗೆ, ಇನ್ನೊಂದು ಮೈಕಿಗೆ. ಬೋರ್ಡಿನ ಸೌಂಡ್ ಚಿಪ್ ಸತ್ತಿದ್ದರೂ ಇದು ಹಾಡುತ್ತದೆ. ಮಧುಗಿರಿಯ ಒಬ್ಬ ಸಂಗೀತದ ಮೇಡಂ ಮೂರು ವರ್ಷದಿಂದ ಇದರಲ್ಲೇ ಪಾಠ ನಡೆಸುತ್ತಿದ್ದಾರೆ. ಎಲ್ಲಾದರೂ ಬಿದ್ದುಹೋದೀತು ಎಂದು ಅದಕ್ಕೊಂದು ಕೆಂಪು ದಾರ ಕಟ್ಟಿ ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ಪಿಗೆ ಗಂಟು ಹಾಕಿದ್ದಾರೆ.